ಕೆಂಪು ದಾರ ಕಟ್ಟಿದ ಕೋವಿ

ನಾನು ಹೊಟ್ಟೆಪಾಡಿಗೆ ಎಂತ ಮಾಡುತ್ತೇನೆಂದು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದುಕೊಳ್ಳುತ್ತಾರೆ. ಪುತ್ತೂರಿನ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ನಾನು ಕೆಲಸಗಾರ. ಮಂಗ, ಹಂದಿ ಓಡಿಸಲು ಪರವಾನಗಿ ಪಡೆದ ರೈತರ ಕೋವಿಗಳನ್ನು ತಿಕ್ಕುವುದು, ಸ್ಪ್ರಿಂಗ್ ಬದಲಿಸುವುದು, ಬಿರುಕು ಬಿಟ್ಟ ಮರದ ಹಿಡಿ ತೆಗೆದು ಹೊಸದು ಕೂರಿಸುವುದು ನಿತ್ಯದ ಕೆಲಸ. ಇದರ ಜೊತೆಗೆ ಕೆಲವು ವರ್ಷ ಇನ್ನೊಂದು ಕೆಲಸವನ್ನೂ ಮಾಡಿದೆ. ಇನ್ನೂ ಯಾರ ಕೈಗೂ ಹೋಗದ, ಕಾರ್ಖಾನೆಯಿಂದ ಆಗಷ್ಟೇ ಹೊರಬಿದ್ದ ಹೊಸ ಮಾದರಿಯ ಕೋವಿಗಳನ್ನು ಹಾರಿಸಿ ನೋಡುವುದು. ಒಡೆಯುವುದಿದ್ದರೆ ನನ್ನ ಹತ್ತಿರವೇ ಒಡೆಯಲಿ ಎಂಬುದು ಆ ಕೆಲಸದ ಅರ್ಥ.

ಘಟ್ಟದ ಮೇಲಿನ ಒಂದು ಸಣ್ಣ ಕಾರ್ಖಾನೆಯವರು ಒಂಟಿ ನಳಿಗೆಯ ಹೊಸ ಕೋವಿಯೊಂದನ್ನು ಮಾಡಿದ್ದರು. ಹಳೆಯದಕ್ಕಿಂತ ಹಗುರ, ನೋಡಲಿಕ್ಕೂ ಚೆಂದ. ಘಟ್ಟದ ಮೇಲೆ ಎಲ್ಲ ಸರಿಯಾಗಿಯೇ ನಡೆಯಿತಂತೆ. ಆದರೆ ಕೊಳ್ಳುವವರು ನಮ್ಮ ಕಡೆಯವರು. ಇಲ್ಲಿಯ ಗಾಳಿಯಲ್ಲಿ ಒರೆಸಿಟ್ಟ ಚೂರಿ ಎರಡು ದಿನಕ್ಕೆ ಕಂದಾಗುತ್ತದೆ. ಹಾಗಾಗಿ ಮೊದಲ ತಂಡದ ನಾಲ್ಕು ಕೋವಿಗಳನ್ನು ಬೇಕಾದ ಅನುಮತಿ ಕಾಗದಗಳ ಸಮೇತ ನಮ್ಮ ಧಣಿಗಳಿಗೆ ಕಳಿಸಿದರು. ಧಣಿಗಳು ಅವನ್ನು ನನಗೆ ಒಪ್ಪಿಸಿ, "ನೋಡು ಮಾರಾಯ, ಕೋವಿ ಹೋದ್ರೆ ಕಂಪನಿಯದ್ದು, ಕೈ ಹೋದ್ರೆ ನಿನ್ನದು. ಜಾಗ್ರತೆ ಮಾಡು" ಎಂದರು. ಅವರ ಒಳ್ಳೆಯ ಮಾತುಗಳೆಲ್ಲ ಹೀಗೇ ಇರುತ್ತಿದ್ದವು.

ಕೆದಂಬಾಡಿಯ ಹತ್ತಿರ ಕಲ್ಲು ಕಡಿದು ಮುಗಿಸಿ ಬಿಟ್ಟುಹೋದ ಒಂದು ಕೆಂಪುಕಲ್ಲಿನ ಕೋರೆ ಇತ್ತು. ಮೂರು ಕಡೆ ಎರಡಾಳೆತ್ತರದ ಗೋಡೆ. ಅಲ್ಲಿ ಎರಡು ಹಳೆಯ ಲಾರಿ ಟಯರುಗಳ ನಡುವೆ ಕೋವಿಯನ್ನು ಬಿಗಿದು ಕಟ್ಟಿ, ಕುದುರೆಗೆ, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಗೆ, ತೆಂಗಿನ ನಾರಿನ ಹುರಿ ಸಿಕ್ಕಿಸಿ, ನಾನು ಕಲ್ಲಿನ ರಾಶಿಯ ಹಿಂದೆ ಕೂತು ಎಳೆಯುತ್ತಿದ್ದೆ. ಹತ್ತು ಈಡು ಹಾರಿಸುವುದು, ಎದ್ದು ಹೋಗಿ ನೋಡುವುದು. ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಡುವುದು, ಮತ್ತೆ ಹತ್ತು ಈಡು. ಕೆಸರಿನಲ್ಲಿ ಅದ್ದಿ ತೊಳೆದು ಮತ್ತೆ ಹತ್ತು. ಹೀಗೆ ಕಟ್ಟಿ ಹಾರಿಸಿದ ಈಡುಗಳಲ್ಲಿ ಪಾಸಾದ ಮೇಲೆಯೇ ಹೆಗಲಿಗೆ ಕೊಟ್ಟು ಹಾರಿಸುವುದು.

ಇಂಥ ಕೋವಿಯನ್ನು ನಡುವಿನಲ್ಲಿ ಮುರಿದಂತೆ ಬಗ್ಗಿಸಿ ತೋಟೆ, ಅಂದರೆ ಮದ್ದು, ಚರೆ ತುಂಬಿದ ಕೊಳವೆ, ಹಾಕಬೇಕು, ಆಮೇಲೆ ಟಪ್ ಎಂದು ಮುಚ್ಚಬೇಕು. ಮುಚ್ಚಿದಾಗ ನಳಿಗೆಗೂ ಹಿಂದಿನ ಉಕ್ಕಿನ ಗೋಡೆಗೂ ನಡುವೆ ಸಂದು ಇರಬಾರದು. ಸಂದು ಬೆಳೆಯುತ್ತಿದೆ ಎಂದರೆ ಒಳಗಿನ ಕೀಲು ಸವೆಯುತ್ತಿದೆ ಎಂದರ್ಥ. ಅದನ್ನು ಅಳೆಯಲು ಕಾರ್ಖಾನೆಯವರು ತಗಡಿನ ಅಳತೆಪಟ್ಟಿಗಳನ್ನು ಕಳಿಸಿದ್ದರು. ಒಂದೇ ತಿಂಗಳಲ್ಲಿ ಅವಕ್ಕೆ ತುಕ್ಕು ಹಿಡಿದು ಅಳತೆಯೇ ಸುಳ್ಳಾಯಿತು. ನನ್ನ ಅಮ್ಮ ಬೀಡಿ ಕಟ್ಟುವವಳು. ಬೀಡಿ ಕಟ್ಟಿಗೆ ಅಂಟಿಸುವ ತೆಳ್ಳನೆಯ ಲೇಬಲ್ ಕಾಗದ ಮನೆಯಲ್ಲಿ ಬೇಕಾದಷ್ಟು. ಒಂದು ಲೇಬಲನ್ನು ಸಂದಿನಲ್ಲಿ ಇಟ್ಟು ಮುಚ್ಚಿ ಎಳೆದು ನೋಡುತ್ತಿದ್ದೆ. ಕಾಗದ ಹರಿದರೆ ಕೋವಿ ಗಟ್ಟಿ. ಹರಿಯದೆ ಜಾರಿ ಬಂದರೆ ಎರಡು ಲೇಬಲ್ ಇಡುವುದು. ಎರಡೂ ಜಾರಿದರೆ ಚಿಂತೆ ಮಾಡಬೇಕು. ಮೂರು ಜಾರಿದರೆ ಆ ಕೋವಿಯನ್ನು ಹಾರಿಸಬಾರದು. ಧಣಿಗಳು ಇದನ್ನು ನೋಡಿ ನಕ್ಕರು. ಕಾರ್ಖಾನೆಯ ಇಂಜಿನಿಯರ್ ನಗಲಿಲ್ಲ, ಲೇಬಲಿನ ದಪ್ಪವನ್ನು ಅಳೆದು ಬರೆದುಕೊಂಡ.

ಹೀಗೆ ಫೇಲಾದ ಕೋವಿಯ ಕುದುರೆಗೆ ಕೆಂಪು ದಾರ ಕಟ್ಟುವುದು ನಮ್ಮ ಅಂಗಡಿಯ ಕ್ರಮ. ದಾರ ಕಟ್ಟಿದ ಕೋವಿಗೆ ಯಾರೂ ತೋಟೆ ಹಾಕುವಂತಿಲ್ಲ, ಧಣಿಗಳೂ ಕೂಡ. ಕಟ್ಟಿದವನೇ ಬಿಚ್ಚಬೇಕು, ಅದೂ ರಿಪೇರಿ ಆದ ಮೇಲೆ.

ಕೋರೆಯಲ್ಲಿ ನಾಲ್ಕೂ ಕೋವಿಗಳು ಪಾಸಾದವು. ಮುಂದಿನ ಹಂತ ತೋಟ. ಎರಡು ಕೋವಿಗಳನ್ನು ಅಂಗಡಿಯಲ್ಲೇ ಉಳಿಸಿಕೊಂಡು, ಒಂದನ್ನು ಕಡಬದ ಕಡೆಯ ಒಬ್ಬ ರಬ್ಬರ್ ಬೆಳೆಗಾರರಿಗೆ ಕೊಟ್ಟೆವು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ನೆಲೆನಿಂತ ಕುಟುಂಬ. ಇನ್ನೊಂದನ್ನು ಮಂಡೆಕೋಲಿನ ನನ್ನ ಸೋದರಮಾವನ ಮನೆಗೆ ನಾನೇ ಒಯ್ದೆ. ಪರವಾನಗಿ ಇದ್ದವರು, ತೋಟ ಇದ್ದವರು, ದಿನಾ ಕೋವಿ ಮುಟ್ಟುವವರು ಬೇಕಿತ್ತು. ಅದು ಕಾರಣ. ಮಾವನ ಮುಂದೆ ಸ್ವಲ್ಪ ದೊಡ್ಡವನಾಗಬೇಕೆಂಬ ಆಸೆ ಇನ್ನೊಂದು ಕಾರಣ.

ಮಾವ ಊರಿಗೇ ಹೆಸರಾದ ಈಡುಗಾರ. ತೆಂಗಿನ ಮರದ ತುದಿಯ ಒಂದೇ ಒಂದು ಎಳನೀರನ್ನು, ತೊಟ್ಟಿಗೆ ಹೊಡೆದು, ಗೊನೆ ಅಲ್ಲಾಡದ ಹಾಗೆ ಬೀಳಿಸುತ್ತಿದ್ದರು. ಅಪ್ಪ ಇಲ್ಲದ ನನಗೆ ಹೆಗಲಿಗೆ ಕೋವಿ ಕೊಡುವುದನ್ನು ಕಲಿಸಿದ್ದೂ ಅವರೇ. ನಮ್ಮ ಮನೆಮಾತು ಅರೆಭಾಷೆ. ಅವರ ಮಾತನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಸ ಕೋವಿಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಕೋವಿಯಾ, ಕೊಡೆಯಾ? ಇಷ್ಟು ಹಗುರ ಉಂಟಲ್ಲ" ಎಂದರು. ನಾನು ಚಹಾ ಕುಡಿಯುತ್ತ ಲೇಬಲಿನ ವಿದ್ಯೆ, ಕೆಂಪು ದಾರದ ಕಟ್ಟಳೆ ಎಲ್ಲವನ್ನೂ ಕೊಚ್ಚಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, "ಬೇರೆಯವರು ದಾರ ಕಟ್ಟುದು ರಕ್ಷೆಗೆ, ನೀವು ಕಟ್ಟುದು ಶಿಕ್ಷೆಗೆ" ಎಂದು ನಕ್ಕರು. ಮರುದಿನದಿಂದ ಮಾವ ಕಂಡಕಂಡವರಿಗೆಲ್ಲ "ನನ್ನ ಅಳಿಯ ಪರೀಕ್ಷೆ ಮಾಡಿದ ಕೋವಿ" ಎಂದು ತೋರಿಸುತ್ತಿದ್ದರಂತೆ.

ಮೊದಲು ಕೋವಿ ವಾಪಸು ತಂದವರು ಕಡಬದ ಬೆಳೆಗಾರರು. ಗೋಣಿಯಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟು, ಮಲಯಾಳ ಬೆರೆತ ಕನ್ನಡದಲ್ಲಿ, "ಇದರ ಬಾಯಿ ಸರಿ ಮುಚ್ಚುದಿಲ್ಲ. ನನಗೆ ಇದು ಬೇಡ" ಎಂದರು. ನಾನು ಒಂದು ಲೇಬಲ್ ಇಟ್ಟು ಎಳೆದೆ, ಜಾರಿತು. ಎರಡು ಇಟ್ಟೆ, ಹರಿಯಿತು. "ಎಂತ ಆಗಿಲ್ಲ ಚೇಟ. ರಬ್ಬರ್ ಹಾಲು ಹಿಡಿದ ಕೈಗೆ ಎಲ್ಲ ಅಂಟಿಕೊಂಡೇ ಇರ್ಬೇಕು ಅಂತ ಕಾಣುದು" ಎಂದು ಅಣ್ಣನ ಸಲಿಗೆಯಲ್ಲಿ ತಮಾಷೆ ಮಾಡಿದೆ. ಅವರು ನಗಲಿಲ್ಲ. "ನನಗೆ ಎರಡು ಕಣ್ಣೂ ಬೇಕು ಮೋನೆ" ಎಂದು ಮಗನಿಗೆ ಹೇಳುವ ಹಾಗೆ ಹೇಳಿ ಬಸ್ಸಿಗೆ ಹೋದರು. ನಾನು ಪುಸ್ತಕದಲ್ಲಿ 'ಅಲ್ಪ ಸಡಿಲ, ತೊಂದರೆಯಿಲ್ಲ' ಎಂದು ಬರೆದು ಸಹಿ ಹಾಕಿದೆ. ಆ ಸಾಲು ಈಗಲೂ ಆ ಪುಸ್ತಕದಲ್ಲಿದೆ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿಗಳಿಗೆ ಠಾಣೆವಾಸ. ರೈತರೆಲ್ಲ ತಮ್ಮ ತಮ್ಮ ಕೋವಿಗಳನ್ನು ಹೊತ್ತು ಹೋಗಿ ಪೊಲೀಸರಿಗೆ ಒಪ್ಪಿಸಿ ಚೀಟಿ ಪಡೆದು ಬರಬೇಕು. ಮತದಾನ ಮುಗಿಯುವವರೆಗೆ ತೋಟದಲ್ಲಿ ಮಂಗಗಳದ್ದೇ ಸರಕಾರ. ಮಾವನೂ ತಮ್ಮ ಸ್ವಂತ ಕೋವಿಯನ್ನು ಕೊಟ್ಟು ಬಂದಿದ್ದರು. ಪರೀಕ್ಷೆಯ ಕೋವಿ ಮಾತ್ರ ಅಂಗಡಿಯ ಲೆಕ್ಕದ್ದು, ಅದನ್ನು ನಾನೇ ತಂದು ಕಬ್ಬಿಣದ ಕಪಾಟಿನಲ್ಲಿ ಇಡಬೇಕಿತ್ತು. ಕೋವಿ ಒಪ್ಪಿಸುವ ಕೊನೆಯ ದಿನ ಬೆಳಿಗ್ಗೆ ಬೈಕಿನಲ್ಲಿ ಮಂಡೆಕೋಲಿಗೆ ಹೋದೆ.

ಮನೆಯಲ್ಲಿ ಯಾರೂ ಇರಲಿಲ್ಲ. ತೋಟದ ಬದಿಯ ಸಣ್ಣ ಹಳ್ಳ, ನಮ್ಮ ಮಾತಿನ ತೋಡು, ಅದರ ಆಚೆ ದೊಡ್ಡ ಮಾವನ ಮನೆ, ಅಂದರೆ ಮಾವನ ಅಣ್ಣನದು. ಅವರು ವಾರದಿಂದ ಮಲಗಿದಲ್ಲೇ ಇದ್ದರು, ಎಲ್ಲರೂ ಅಲ್ಲಿದ್ದರು. ಕೋವಿ ಚಾವಡಿಯ ಗೂಟದಲ್ಲಿತ್ತು. ಅಭ್ಯಾಸಬಲದಿಂದ ಕಿಸೆಯ ಲೇಬಲ್ ತೆಗೆದು ಇಟ್ಟು ಎಳೆದೆ. ಒಂದು ಜಾರಿತು. ಎರಡು ಜಾರಿದವು. ಮೂರು ಇಟ್ಟು ಮುಚ್ಚಿ ಎಳೆದೆ, ಎಣ್ಣೆ ಹಚ್ಚಿದ ಹಾಗೆ ಬಂದವು. ಕಡಬದವರ ಮಾತು ನೆನಪಾಯಿತು. ಕೀಲಿನ ಉಕ್ಕೇ ಮೆತ್ತಗೆ, ಇದು ಒಂದು ಕೋವಿಯ ಕತೆಯಲ್ಲ ಎಂದು ಅಲ್ಲಿಯೇ ಗೊತ್ತಾಯಿತು. ಕಿಸೆಯಿಂದ ಕೆಂಪು ದಾರ ತೆಗೆದು ಕುದುರೆಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದೆ.

ಗಂಟು ಹಾಕಿ ತಲೆ ಎತ್ತುವಾಗ ತೋಡಿನ ಆಚೆಯಿಂದ ಹೆಂಗಸರ ಅಳು ಕೇಳಿತು.

ನಮ್ಮ ಕಡೆಯ ಹಲವು ಮನೆಗಳಲ್ಲಿ ಒಂದು ಕ್ರಮ ಉಂಟು. ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಗುಡ್ಡದ ಆಚೆಯವರು ಎಣಿಸಿಕೊಂಡು ಯಾವ ಬಟ್ಟೆ ಉಟ್ಟು ಬರಬೇಕೆಂದು ತಿಳಿಯುತ್ತಾರೆ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಸಂಪಾಜೆಗೆ ಮದುವೆ ಮಾಡಿಕೊಟ್ಟ ದೊಡ್ಡ ಮಾವನ ಮಗಳಿಗೆ ಆಗಲೇ ಫೋನ್ ಹೋಗಿಯೂ ಆಗಿತ್ತು. ಆದರೆ ಎರಡು ಈಡು ಇಲ್ಲದೆ ಮನೆಯ ಹಿರಿಯನನ್ನು ಎತ್ತುವುದೆಂದರೆ ನಾಯಿಯನ್ನು ಎಳೆದು ಹಾಕಿದ ಹಾಗೆ ಎಂದು ಮಾವನಂಥವರ ಭಾವನೆ. ದೊಡ್ಡ ಮಾವನಿಗೆ ಸ್ನಾನ ಮಾಡಿಸಿ ಅಂಗಳದಲ್ಲಿ ಮಲಗಿಸಿದ ಮೇಲೆ ಮಾವ ತೋಡಿನ ಕಾಲುಸಂಕ ದಾಟಿ ಈಚೆ ಬಂದರು. ಕೋವಿಯನ್ನು ನಾನು ಆಗಲೇ ಗೋಣಿಯಲ್ಲಿ ಸುತ್ತಿಟ್ಟಿದ್ದೆ, ದಾರ ಅವರಿಗೆ ಕಾಣಲಿಲ್ಲ. ಕಣ್ಣು ಕೆಂಪಾಗಿತ್ತು.

"ಊರಿನ ಕೋವಿ ಎಲ್ಲ ಠಾಣೆಯಲ್ಲಿ ಉಂಟು" ಎಂದರು. "ನಿನ್ನದು ಒಂದು ಇದೆಯಲ್ಲ. ಅಣ್ಣನ ಪುಣ್ಯ."

ನಾನು ಆಗ ಹೇಳಬೇಕಿದ್ದದ್ದು ನಾಲ್ಕೇ ಶಬ್ದ. ಮಾವ, ಈ ಕೋವಿ ಆಗದು. ಹೇಳಲಿಲ್ಲ. ಚುನಾವಣೆಯ ಕಾನೂನು ಎಂದೆ. "ಹೆಣ ಓಟು ಕೇಳ್ಲಿಕ್ಕೆ ಹೋಗುದಿಲ್ಲ" ಎಂದರು. ತೋಟೆ ಇಲ್ಲ ಎಂದೆ. ನನ್ನ ಚೀಲದಲ್ಲಿ ಇರುವುದು ಅವರಿಗೆ ಗೊತ್ತಿತ್ತು. ಆಚೆಯ ಅಂಗಳದಲ್ಲಿ ಜನ ಸೇರಿದ್ದರು, ನಿಂತು ಈಚೆಗೇ ನೋಡುತ್ತಿದ್ದರು. ಅಳಿಯ ಪರೀಕ್ಷೆ ಮಾಡಿದ ಕೋವಿ ಎಂದು ತಿಂಗಳಿಡೀ ಅವರಿಗೆಲ್ಲ ಹೇಳಿಯಾಗಿತ್ತು. "ನೀವು ನಡೆಯಿರಿ, ತರ್ತೇನೆ" ಎಂದೆ.

ಅವರು ಹೋದ ಮೇಲೆ ಒಂದು ಉಪಾಯ ಮಾಡಿದೆ. ಎರಡು ತೋಟೆಗಳ ಬಾಯಿ ಬಿಚ್ಚಿ ಒಳಗಿನ ಸೀಸದ ಚರೆಯನ್ನೆಲ್ಲ ಸುರಿದು, ಕಾಗದ ತುರುಕಿ ಮುಚ್ಚಿದೆ. ತಳ್ಳಲು ಭಾರವಿಲ್ಲದಿದ್ದರೆ ಮದ್ದಿನ ಒತ್ತಡವೂ ಕಡಿಮೆ. ಬರಿಯ ಸದ್ದಿಗೆ ಆ ಕೀಲು ತಡೆದೀತು ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ. ತೋಡು ದಾಟಿ, ದೊಡ್ಡ ಮಾವನ ಅಂಗಳದ ಬದಿಯಲ್ಲಿ ಎಲ್ಲರಿಗೂ ಬೆನ್ನು ಹಾಕಿ ನಿಂತು, ಗೋಣಿ ಸರಿಸಿ ದಾರ ಬಿಚ್ಚಿದೆ. ಕಿಸೆಗೆ ಹಾಕಿದೆ ಎಂದುಕೊಂಡೆ.

ನಾನೇ ಹಾರಿಸುತ್ತೇನೆ ಎಂದು ಕೇಳಿದೆ. ತೀರಿಕೊಂಡವರ ತಮ್ಮ ಇರುವಾಗ ಅಳಿಯ ಹಾರಿಸುವ ಕ್ರಮ ಇಲ್ಲ ಎಂದರು. ಮಾವ ಕೋವಿ ಎತ್ತಿ ಆಕಾಶಕ್ಕೆ ಹಿಡಿದು ಮೊದಲ ಈಡು ಹಾರಿಸಿದರು. ಸದ್ದು ಬಂತು, ಆದರೆ ಸಪ್ಪೆ. ಹಿಂದೆ ಯಾರೋ ಮೆಲ್ಲಗೆ, "ಇದೆಂತ, ಪಟಾಕಿಯ ಹಾಗೆ" ಎಂದದ್ದು ನನಗೆ ಕೇಳಿತು, ಮಾವನಿಗೂ ಕೇಳಿತು. ಅವರು ಖಾಲಿ ತೋಟೆ ತೆಗೆದು ಬಿಸಾಡಿ, ನಾನು ಚಾಚಿದ ಎರಡನೆಯದನ್ನು ತೆಗೆದುಕೊಳ್ಳದೆ, ಈ ಕ್ರಮಕ್ಕೆಂದೇ ಕಟ್ಟಿಕೊಂಡಿದ್ದ ಸೊಂಟದ ಪಟ್ಟಿಯಿಂದ ಒಂದು ಹಿತ್ತಾಳೆ ತೋಟೆ ತೆಗೆದರು. ಹಂದಿಗೆಂದು ಅವರೇ ಮದ್ದು ತುಂಬುತ್ತಿದ್ದ ತೋಟೆ. ಅವರ ಕೈ ಎಂಥದ್ದೆಂದು ನನಗೆ ಗೊತ್ತಿತ್ತು, ಯಾವಾಗಲೂ ಒಂದು ಚಿಟಿಕೆ ಹೆಚ್ಚೇ.

ಅವರು ಅದನ್ನು ಒಳಗೆ ಹಾಕಿದರು, ಮುಚ್ಚಿದರು, ಹೆಗಲಿಗೆ ಕೊಟ್ಟರು. ಒಂದು 'ಬೇಡ' ಎನ್ನಲು ಅಷ್ಟು ಹೊತ್ತು ಧಾರಾಳ ಸಾಕು. ನಾನು ಕೈಚಾಚಿದವನು ಹಾಗೇ ನಿಂತಿದ್ದೆ. ಬಾಯಿ ಒಣಗಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅಷ್ಟು ಜನರ ಎದುರು, ನಾನು ಪಾಸು ಮಾಡಿದ ಕೋವಿ ಕೆಟ್ಟದ್ದು ಎಂದು ಹೇಳಲು ನನಗೆ ನಾಚಿಕೆಯಾಯಿತು. ಇದ್ದದ್ದು ಅಷ್ಟೇ.

ಎರಡನೆಯ ಸದ್ದು ದೊಡ್ಡದಾಗಿಯೇ ಬಂತು. ಗುಡ್ಡದ ಆಚೆಯವರು ಸರಿಯಾಗಿ ಎರಡು ಎಣಿಸಿಕೊಂಡರು. ಕೋವಿ ನಡುವಿನಲ್ಲಿ ತೆರೆದುಕೊಂಡು ನಳಿಗೆ ಮೇಲಕ್ಕೆ ಹಾರಿತ್ತು. ತೋಟೆಯ ಹಿತ್ತಾಳೆ ಸೀಳಿ ಮಾವನ ಬಲಗಣ್ಣಿಗೆ ಹೊಕ್ಕಿತ್ತು, ಎಡಗೈಯ ಎರಡು ಬೆರಳು ಚರ್ಮದಲ್ಲಿ ಮಾತ್ರ ನೇತಾಡುತ್ತಿದ್ದವು. ಅವರು ಕೂಗಲಿಲ್ಲ. ಅಂಗಳದಲ್ಲಿ ಕೂತು, "ಅಣ್ಣನ ಮೇಲೆ ರಕ್ತ ಬೀಳ್ಬಾರ್ದು, ನನ್ನನ್ನು ಆಚೆ ಎಳೀರಿ" ಎಂದರು. ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸುಳ್ಯ ದಾಟಿ ಮಂಗಳೂರಿನವರೆಗೂ ಅವರು ಎಚ್ಚರವಾಗಿಯೇ ಇದ್ದರು. ಕಣ್ಣು ಹೋಯಿತು, ಬೆರಳುಗಳೂ ಹೋದವು.

ಪೊಲೀಸರು ಕೇಳಿದಾಗ ಮಾವ, "ಕೋವಿ ಒಳ್ಳೇದಿತ್ತು. ನನ್ನ ತೋಟೆ ಹಳೇದು, ಮದ್ದು ಹೆಚ್ಚಾಯಿತು" ಎಂದರು. ನನ್ನನ್ನು ಮುಖ ಎತ್ತಿಯೂ ನೋಡಲಿಲ್ಲ. ಅಲ್ಲಿಗೆ ಅದು ಮುಗಿಯಿತು. ಕಾರ್ಖಾನೆಗೆ ನಾನು ದೊಡ್ಡ ವರದಿ ಬರೆದೆ. ಕೀಲಿನ ಉಕ್ಕು ಮೆತ್ತಗೆ, ಮೂರು ಲೇಬಲಿನ ಸಂದು, ಕಡಬದ ಕೋವಿಯಲ್ಲೂ ಇದೇ ಲಕ್ಷಣ, ಕೀಲು ಬದಲಿಸದೆ ಒಂದನ್ನೂ ಮಾರಬೇಡಿರಿ. ಎಲ್ಲ ನಿಜ, ಒಂದು ಬಿಟ್ಟು. ಸಂದು ಕಂಡದ್ದು ಅಪಘಾತದ ನಂತರ ಎಂದು ಬರೆದೆ. ಅವರು ಕೀಲು ಬದಲಿಸಿದರು. ಈಗ ಆ ಕೋವಿ ನಮ್ಮ ತಾಲೂಕುಗಳಲ್ಲಿ ಎಷ್ಟೋ ಮನೆಗಳಲ್ಲಿದೆ, ಒಂದು ದೂರೂ ಇಲ್ಲ. ಇಂಜಿನಿಯರ್ ಫೋನ್ ಮಾಡಿ, ನಿಮ್ಮಿಂದ ಹಲವರ ಕಣ್ಣು ಉಳಿಯಿತು ಎಂದ. ನಾನು ಫೋನ್ ಇಟ್ಟು ಕೋರೆಗೆ ಹೋಗಿ ಸಂಜೆಯವರೆಗೆ ಸುಮ್ಮನೆ ಕೂತು ಬಂದೆ. ಆಮೇಲೆ ಹೊಸ ಕೋವಿ ಪರೀಕ್ಷೆಯ ಕೆಲಸ ಬೇಡವೆಂದು ಧಣಿಗಳಿಗೆ ಹೇಳಿದೆ. ಅವರು ಕಾರಣ ಕೇಳಲಿಲ್ಲ.

ಮಾವನ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಅವರು ಮತ್ತೆ ಕೋವಿ ಮುಟ್ಟಲಿಲ್ಲ. ಪರವಾನಗಿಯನ್ನೂ ಬಿಟ್ಟುಕೊಟ್ಟರು. ತೆಂಗಿನ ತೋಟಕ್ಕೆ ಮಂಗ ಬಂದರೆ ಡಬ್ಬ ಬಡಿಯುತ್ತಿದ್ದರು. ಒಂದು ಕಾಲದ ಈಡುಗಾರ ಮೂರು ಬೆರಳಿನ ಕೈಯಲ್ಲಿ ಹಿಡಿದು ಡಬ್ಬ ಬಡಿಯುವುದನ್ನು ನೋಡಲಾಗದೆ ನಾನು ಒಳಗೆ ಹೋಗಿ ಅತ್ತೆಯ ಹತ್ತಿರ ನೀರು ಕೇಳುತ್ತಿದ್ದೆ. ಆಮೇಲೆ ಅವರು ಚಾವಡಿಗೆ ಬಂದು ಕೂತು, ಎಲೆಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟು ಮುಚ್ಚಳ ತೆರೆಯುತ್ತಿದ್ದರು. ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಹಚ್ಚುತ್ತ, ಉಳಿದ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿ, "ಮತ್ತೆಂತ ಅಳಿಯ? ಹೇಳು" ಎನ್ನುತ್ತಿದ್ದರು. ನಾನು ಅಂಗಡಿಯ ಸುದ್ದಿ, ಅಮ್ಮನ ಮಂಡಿನೋವು, ಬಸ್ಸಿನ ರಶ್ಶು ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ ಪೆಟ್ಟಿಗೆ ಮುಚ್ಚುತ್ತಿದ್ದರು. ಹೇಳಬೇಕೆಂದು ಎಷ್ಟು ಸಲ ಹೊರಟೆನೋ ಲೆಕ್ಕವಿಲ್ಲ. ತಪ್ಪು ತಮ್ಮದೇ ಎಂದು ಒಪ್ಪಿಕೊಂಡು ಸಮಾಧಾನವಾಗಿರುವ ಮನುಷ್ಯನ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ನನಗೇ ಬುದ್ಧಿ ಹೇಳಿಕೊಂಡು ಬೈಕು ಹತ್ತುತ್ತಿದ್ದೆ.

ಕಳೆದ ವರ್ಷ ಮಾವ ತೀರಿಕೊಂಡರು. ಮಕ್ಕಳಿಲ್ಲ, ತಮ್ಮಂದಿರಿಲ್ಲ. ಈಡು ಹಾರಿಸಲು ಅಳಿಯನೇ ಆಗಬೇಕು ಎಂದರು. ಪಕ್ಕದ ಮನೆಯವರು ತಂದುಕೊಟ್ಟದ್ದು ಅದೇ ಮಾದರಿಯ ಕೋವಿ, ಕೀಲು ಬದಲಿಸಿದ ಮೇಲಿನದ್ದು. ಲೇಬಲ್ ಇಟ್ಟು ಎಳೆದೆ, ಹರಿಯಿತು. ಎರಡು ಈಡು ಹಾರಿಸಿದೆ. ಎರಡೂ ಸರಿಯಾಗಿ ಬಂದವು.

ಹನ್ನೊಂದನೆಯ ದಿನ ಊಟ ಮುಗಿದು ಜನ ಹೋದ ಮೇಲೆ ಅತ್ತೆ ಚಾವಡಿಗೆ ಬಂದು ಎಲೆಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟು ತೆರೆದರು. ಅಡಿಕೆ ಹೋಳಿನ ಬದಿಯ ಸಣ್ಣ ಗೂಡಿನಲ್ಲಿ ಗಂಟು ಬಿಚ್ಚಿದ ಒಂದು ಕೆಂಪು ದಾರ ಸುರುಳಿ ಸುತ್ತಿಕೊಂಡು ಕೂತಿತ್ತು. ಸುಣ್ಣ ತಾಗಿ ಒಂದು ತುದಿ ಬೆಳ್ಳಗಾಗಿತ್ತು.

"ಇದು ನಿನ್ನದು, ತಗೊಂಡು ಹೋಗು" ಎಂದರು. "ಆ ದಿನ ಭಾವನ ಅಂಗಳ ಗುಡಿಸುವಾಗ ನನಗೆ ಸಿಕ್ಕಿದ್ದು."

"ಮಾವನಿಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಆಸ್ಪತ್ರೆಯಿಂದ ಬಂದ ದಿನವೇ ತೋರಿಸಿದೆ. ಯಾರಿಗೂ ಹೇಳ್ಬೇಡ ಅಂದ್ರು. ಅಳಿಯ ಒಂದು ದಿನ ಅವನಾಗಿ ಹೇಳ್ತಾನೆ, ಅಲ್ಲಿವರೆಗೆ ಇದರಲ್ಲಿ ಇರ್ಲಿ ಅಂತ ಅವರೇ ಇಟ್ಟದ್ದು."

ಪ್ರತಿ ತಿಂಗಳೂ ಮಾವ ಆ ಪೆಟ್ಟಿಗೆಯನ್ನು ನನ್ನ ಎದುರಿಗೇ ತೆರೆದಿಡುತ್ತಿದ್ದರು. ನಾನು ಎಲೆ ಹಾಕುವವನಲ್ಲ. ಒಂದು ದಿನವೂ ಒಳಗೆ ನೋಡಿರಲಿಲ್ಲ.